ಲೋಟ ಬಿದ್ದದ್ದು ಯಾರ ತಪ್ಪು?

ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್ ಮೂಲಕವೇ ಹೋಗಬೇಕು ಅಂದುಕೊಂಡಿದ್ದೆ. ಈಗ ನೋಡಿದರೆ ಅದೇ ಸುತ್ತುದಾರಿ. ‘ಮೆ ಗುಸ್ತಾ’ಗೆ ಇಂಗ್ಲಿಷಿನ ‘ಐ ಲೈಕ್’ ಅಂತ ಅರ್ಥ ಕೊಡುತ್ತಾರೆ. ಆದರೆ ಅಲ್ಲಿ ‘ನಾನು’ ಇಲ್ಲವೇ ಇಲ್ಲ, ‘ನನಗೆ’ ಇದೆ. ನನಗೆ ಇಷ್ಟ. ಮುಗೀತು! ‘ಮೆ ದುಯೆಲೆ ಲಾ ಕಬೇಸಾ’ ಕೂಡ ಹಾಗೇ, ನನಗೆ ತಲೆ ನೋಯುತ್ತಿದೆ.

ಇವತ್ತು ಸಿಕ್ಕಿದ್ದು ಇನ್ನೂ ಮಜವಾಗಿದೆ. ಲೋಟ ಕೈಜಾರಿದರೆ ಇಂಗ್ಲಿಷಿನಲ್ಲಿ ‘ಐ ಡ್ರಾಪ್ಡ್ ದ ಗ್ಲಾಸ್’. ನೇರವಾಗಿ ತಪ್ಪೊಪ್ಪಿಗೆ. ಸ್ಪ್ಯಾನಿಷಿನಲ್ಲಿ ‘ಸೆ ಮೆ ಕಯೋ ಎಲ್ ಬಾಸೊ’. ಲೋಟ ತಾನೇ ಬಿತ್ತು, ನಾನು ಸುಮ್ನೆ ಅಲ್ಲಿದ್ದೆ ಅಷ್ಟೇ. ನಾವೂ ‘ಕೈತಪ್ಪಿ ಬಿತ್ತು’ ಅಂತಲೇ ಹೇಳುವುದು, ಅಲ್ವಾ? ‘ಬೀಳಿಸು’ ಅನ್ನುವ ಪದ ಬರುವುದು ಬೇರೆಯವರ ಬಗ್ಗೆ ಮಾತಾಡುವಾಗ ಮಾತ್ರ, ‘ನೋಡು, ಬೀಳಿಸಿದ!’ ಅಂತ.

ಹಾಗಂತ ಎಲ್ಲವೂ ಇಷ್ಟು ಸಲೀಸಲ್ಲ. ‘ಎಂಬರಸಾದಾ’ ಕೇಳಲು ‘ಎಂಬರಾಸ್ಡ್’ ಥರವೇ ಇದೆ. ‘ತುಂಬಾ ಮುಜುಗರ ಆಯ್ತು’ ಅನ್ನಲು ಹೋಗಿ ಹೋಂವರ್ಕಿನಲ್ಲಿ ಅದನ್ನೇ ಬರೆದೆ. ಅದರ ಅರ್ಥ ಬಸುರಿ. ಟೀಚರ್ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಅಭಿನಂದನೆಗಳು’ ಅಂತ ಬರೆದಿದ್ದಾರೆ.