ಶೋಲಾ ಅಂಚಿನ ಜಾಗ: ಈ ಮಳೆಗಾಲ ಎಲ್ಲಿ ನೆಟ್ಟೆವು, ಎಲ್ಲಿ ನೆಡಲಿಲ್ಲ

ಮಳೆ ಹಿಂದೆ ಸರಿಯುತ್ತಿದೆ, ನೆಡುವ ಕೆಲಸ ಮುಗಿದಿದೆ. ಹಾಗಾಗಿ ಈ ಹಂತದ ವರದಿ. ಹೊಸಬರಿಗೆ ಜಾಗದ ಪರಿಚಯ ಚುಟುಕಾಗಿ: ಕುದುರೆಮುಖ ಸಾಲಿನ ಮಗ್ಗುಲಲ್ಲಿ ಇರುವ ಖಾಸಗಿ ಜಮೀನು. ಕೆಳಗೆ ಕೈಬಿಟ್ಟ ಕಾಫಿ ತೋಟ. ನಡುವೆ ಹಳ್ಳ, ಅದರ ಒಂದು ದಡದಲ್ಲಿ ಶೋಲಾ, ಅಂದರೆ ಎತ್ತರದ ಗುಡ್ಡಗಳ ಸಂದುಗಳಲ್ಲಿ ಬೆಳೆಯುವ ಕಾಡಿನ, ಉಳಿಕೆ. ಇನ್ನೊಂದು ದಡದಲ್ಲಿ ಹಿಂದೆ ಯಾರೋ ಸಾಲಾಗಿ ನೆಟ್ಟ ಅಕೇಶಿಯ. ಮೇಲೆಲ್ಲ ಹುಲ್ಲುಗುಡ್ಡ.

ಹುಲ್ಲುಗುಡ್ಡದ ವಿಷಯವೇ ಈ ಸಲ ಜಾಸ್ತಿ ಚರ್ಚೆಯಾಗಿದ್ದು. ಅಲ್ಲಿ ಒಂದೇ ಒಂದು ಮರ ನೆಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. "ಇಷ್ಟೊಂದು ಜಾಗ ಖಾಲಿ ಬಿಟ್ಟಿದ್ದೀರಲ್ಲ ಮಾರಾಯ್ರೆ, ನೂರಾರು ಸಿಲ್ವರ್ ಓಕ್ ಸಸಿ ನಾನೇ ಕೊಡ್ತೇನೆ" ಎಂದು ಪಕ್ಕದ ತೋಟದ ಹಿರಿಯರು ಪ್ರೀತಿಯಿಂದಲೇ ಹೇಳಿದರು. ನಮ್ಮ ಗುಂಪಿನಲ್ಲೂ ಒಬ್ಬರಿಗೆ ಮೇಲೆ ನೆಡುವ ಆಸೆ ಇತ್ತು. ಆದರೆ ಅದು ಖಾಲಿ ಜಾಗ ಅಲ್ಲವೇ ಅಲ್ಲ. ಶೋಲಾ ಕಾಡು ಮತ್ತು ಹುಲ್ಲುಗುಡ್ಡ ಎರಡೂ ಸೇರಿ ಒಂದೇ ವ್ಯವಸ್ಥೆ. ನೀರು, ಮಣ್ಣು ನಿಲ್ಲುವ ಸಂದುಗಳಲ್ಲಿ ಮರ, ಗಾಳಿ ಹೊಡೆಯುವ ಬೆನ್ನಿನ ಮೇಲೆ ಹುಲ್ಲು. ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅಲ್ಲಿ 20,000 ವರ್ಷಗಳ ಹಿಂದೆಯೂ ಹುಲ್ಲು ಇತ್ತು ಎಂದು ತೋರಿಸಿದ್ದಾರೆ. ಅಂದರೆ ಎಲ್ಲ ಹುಲ್ಲುಗುಡ್ಡವೂ ಮನುಷ್ಯ ಕಾಡು ಕಡಿದು ಆದ ಬಯಲಲ್ಲ. ಬ್ರಿಟಿಷರ ಕಾಲದಿಂದ ನೀಲಗಿರಿಯ ಇಂಥ ಬಯಲುಗಳಲ್ಲಿ ವಾಟಲ್ (ಅಕೇಶಿಯದ್ದೇ ಬಂಧು ಮರ), ನೀಲಗಿರಿ ಮರ ತುಂಬಿದ್ದು ಇದನ್ನು ಪಾಳುಭೂಮಿ ಅಂದುಕೊಂಡೇ. ಅಲ್ಲಿ ಈಗ ಅದೇ ವಾಟಲ್ ತೆಗೆಯಲು ಒದ್ದಾಡುತ್ತಿದ್ದಾರೆ.

ಇನ್ನೊಂದು ಮಾತು. ಮಳೆಯಲ್ಲಿ ಮಂಡಿಯೂರಿ ಈ ಹುಲ್ಲನ್ನು ಒಮ್ಮೆ ನೋಡಬೇಕು. ನೆಲದ ಆರ್ಕಿಡ್‌ಗಳು, ಕರ್ಣಕುಂಡಲದ ಬಂಧುಗಳಾದ ಕಾಡು ಇಂಪೇಷಿಯನ್ಸ್‌ಗಳು, ಒದ್ದೆ ಬಂಡೆಯ ಪಕ್ಕದಲ್ಲಿ ಹುಳ ಹಿಡಿದು ತಿನ್ನುವ ಡ್ರೋಸೆರಾ. ಇವಕ್ಕೆಲ್ಲ ಬಿಸಿಲು ಬೇಕು. ಮರದ ನೆರಳು ಬಿದ್ದರೆ ಮುಗಿಯಿತು. ಗಿಡ ನೆಟ್ಟ ಫೋಟೊ ಚೆನ್ನಾಗಿ ಬರುತ್ತದೆ, ನೆಡದೇ ಬಿಟ್ಟಿದ್ದಕ್ಕೆ ಫೋಟೊ ಇಲ್ಲ ನೋಡಿ. ತೊಂದರೆ ಅಲ್ಲೇ ಇರೋದು.

ಹಾಗಾಗಿ ಮೇಲ್ಭಾಗದಲ್ಲಿ ನಮ್ಮ ಕೆಲಸ ತೆಗೆಯುವುದು ಮಾತ್ರ. ಹುಲ್ಲಿಗೆ ನುಗ್ಗಿದ್ದ ಅಕೇಶಿಯ ಮರಿಗಳನ್ನು ಮಣ್ಣು ಮೆತ್ತಗಿದ್ದಾಗ ಬೇರು ಸಮೇತ ಕಿತ್ತೆವು. ದೊಡ್ಡ ಮರ ಕಡಿದರೆ ಬುಡ ಅಷ್ಟು ಜೋರಾಗಿ ಚಿಗುರುವುದಿಲ್ಲ, ಅದು ಸಮಾಧಾನ. ಬೀಜದ್ದೇ ಕಾಟ. ಸಿಪ್ಪೆ ಗಟ್ಟಿ, ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ, ಬೆಂಕಿಯ ಬಿಸಿ ತಾಗಿದರೆ ಒಟ್ಟಿಗೆ ಮೊಳೆಯುತ್ತದೆ. ಒಂದು ಸಲ ಕಿತ್ತರೆ ಸಾಲದು, ಪ್ರತಿ ಮಳೆಗೂ ಹೋಗಬೇಕು.

ಲಂಟಾನ ತೆಗೆಯುವ ರೀತಿಯನ್ನೂ ಬದಲಾಯಿಸಿದ್ದೇವೆ. ಮೊದಲು ಕೂಲಿಯವರು ಕತ್ತಿಯಲ್ಲಿ ಸವರುತ್ತಿದ್ದರು. ಸವರಿದಷ್ಟೂ ಪೊದೆ ದಪ್ಪವಾಗುತ್ತಿತ್ತು. ಈಗ ಗುದ್ದಲಿಯಿಂದ ನೆಲದ ಕೆಳಗೆ ನಾಲ್ಕು ಬೆರಳಿನಷ್ಟು ಆಳದಲ್ಲಿ ತಾಯಿಬೇರು ಕಡಿದು, ಇಡೀ ಬುಡವನ್ನು ತಲೆಕೆಳಗಾಗಿ ಪೊದೆಯ ಮೇಲೇ ಇಡುತ್ತೇವೆ. ಚಿಗುರುವ ಭಾಗ ಮಣ್ಣಿಗೆ ತಾಗುವುದಿಲ್ಲ, ಒಣಗಿಹೋಗುತ್ತದೆ. ನಿಧಾನದ ಕೆಲಸ ನಿಜ, ಆದರೆ ಹೀಗೆ ತೆಗೆದ ಕಡೆ ಮತ್ತೆ ಚಿಗುರಿದ್ದು ಬಹಳ ಕಡಿಮೆ. ಕಮ್ಯುನಿಸ್ಟ್ ಗಿಡ ಎಂಬ ಪರದೇಶಿ ಕಳೆಯನ್ನು (ಕ್ರೋಮೊಲೀನ) ಹೂ ಬಿಡುವ ಮೊದಲೇ ಕೀಳಬೇಕು, ಬೀಜ ಗಾಳಿಗೆ ಹಾರುತ್ತದೆ. ಅದು ಬಾಕಿ ಇದೆ.

ನೆಟ್ಟಿದ್ದೆಲ್ಲ ಹಳ್ಳದ ಆಚೆ, ಅಕೇಶಿಯ ಇರುವ ದಡದಲ್ಲಿ. ಅಲ್ಲಿಯ ಮರಗಳನ್ನು ಒಮ್ಮೆಲೇ ಕಡಿಯುತ್ತಿಲ್ಲ. ಶೋಲಾ ಮರಗಳ ಸಸಿಗಳಿಗೆ ಮೊದಲ ಕೆಲವು ವರ್ಷ ನೆರಳು ಬೇಕು, ನೇರ ಬಿಸಿಲಿಗೆ ಸುಟ್ಟುಹೋಗುತ್ತವೆ. ಪರದೇಶಿ ಮರವಾದರೂ ನೆರಳು ನೆರಳೇ ಅಲ್ವಾ! ಪಳನಿ ಬೆಟ್ಟಗಳಲ್ಲಿ ವಾಟಲ್ ತೋಪಿನ ಅಡಿಯಲ್ಲೇ ಶೋಲಾ ಸಸಿಗಳು ತಾವಾಗಿ ಎದ್ದಿರುವುದನ್ನು ಕಂಡಿದ್ದಾರೆ. ಅದೇ ಧೈರ್ಯದ ಮೇಲೆ ಅಲ್ಲೊಂದು ಇಲ್ಲೊಂದು ಮರ ತೆಗೆದು, ಬೆಳಕಿನ ಕಿಂಡಿ ಮಾಡಿ, ಕೆಳಗೆ ಸಸಿ ಇಟ್ಟಿದ್ದೇವೆ. ಕಾಡುನೇರಳೆ, ಕಾಡು ದಾಲ್ಚಿನ್ನಿ, ಕಾಡುಸಂಪಿಗೆ, ಹಳ್ಳದ ಹತ್ತಿರ ಅತ್ತಿ.

ನರ್ಸರಿಯ ಪಾಠ ಮುಖ್ಯವಾಗಿ ಬೀಜದ ಬಗ್ಗೆ. ಈ ಕಾಡಿನ ಬಹಳಷ್ಟು ಮರಗಳ ಬೀಜವನ್ನು ತರಕಾರಿ ಬೀಜದ ಹಾಗೆ ಒಣಗಿಸಿ ಡಬ್ಬಿಯಲ್ಲಿ ಇಡಲು ಬರುವುದಿಲ್ಲ, ಒಣಗಿದರೆ ಸತ್ತೇ ಹೋಗುತ್ತವೆ. ನೇರಳೆ, ಧೂಪ, ರಾಂಪತ್ರೆ ಎಲ್ಲ ಈ ಗುಂಪಿನವು. ಹಣ್ಣು ಬಿದ್ದ ಕೂಡಲೇ ಆರಿಸಿ, ತಿರುಳು ತೊಳೆದು, ಆ ವಾರದಲ್ಲೇ ತೊಟ್ಟೆಗೆ ಹಾಕಬೇಕು. ತಿರುಳು ಬಿಡಿಸುವ ಈ ಕೆಲಸವನ್ನು ಕಾಡಲ್ಲಿ ಮಂಗಟ್ಟೆ, ಮರಪಾರಿವಾಳ, ಪುನುಗುಬೆಕ್ಕು ಮಾಡುತ್ತವೆ, ಅದೂ ತಾಯಿಮರದಿಂದ ದೂರ ಒಯ್ದು. ನಾವು ಬೀಜ ಆರಿಸುವುದು ತೋಟಗಳಲ್ಲಿ, ಅದೂ ಮಾಲೀಕರನ್ನು ಕೇಳಿ. ರಾಷ್ಟ್ರೀಯ ಉದ್ಯಾನದ ಒಳಗಿನಿಂದ ಒಂದು ಬೀಜವನ್ನೂ ತರುವುದಿಲ್ಲ. ಕಾಡು ರುದ್ರಾಕ್ಷಿ ಮಾತ್ರ ಬೇರೆ ಜಾತಿಯ ಹಟಮಾರಿ. ಓಟೆ ಕಲ್ಲಿನಂತೆ ಗಟ್ಟಿ, ಇನ್ನೂ ಹೆಚ್ಚಿನವು ಮೊಳೆತಿಲ್ಲ. ತೊಟ್ಟೆ ಎಸೆಯದೆ ಕಾಯುತ್ತಿದ್ದೇವೆ.

ನಷ್ಟವೂ ಇದೆ. ಕಡವೆ ಚಿಗುರು ತಿಂದಿದೆ, ಹಂದಿ ಒಂದಷ್ಟು ಗುಂಡಿ ಮಗುಚಿದೆ. ಅವುಗಳ ಜಾಗವೇ ತಾನೆ, ಬೇಲಿ ಹಾಕುವುದಿಲ್ಲ. ಕಿತ್ತ ಲಂಟಾನದ ಮುಳ್ಳುಕಡ್ಡಿಗಳನ್ನು ಸಸಿಯ ಸುತ್ತ ಒಡ್ಡಿದ್ದು ಸ್ವಲ್ಪ ತಡೆದಿದೆ.

ಖುಷಿಯ ಸುದ್ದಿ ಕಪ್ಪೆಗಳಿಂದ ಬಂತು. ಅಕೇಶಿಯ ದಡದಲ್ಲಿ ಈ ಸಲ ರಾತ್ರಿ ಪೊದೆಗಪ್ಪೆಗಳ ಟಿಕ್ ಟಿಕ್ ಸದ್ದು ಕೇಳಿತು. ರಾವೋರ್ಕೆಸ್ಟಿಸ್ ಎಂಬ ಈ ಗುಂಪಿನವು ನೀರಲ್ಲಿ ಮೊಟ್ಟೆ ಇಡುವುದಿಲ್ಲ, ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆ ಹೊರಗೆ ಬರುತ್ತದೆ. ಅದಕ್ಕೆ ಹೊಂಡ ಬೇಡ, ಆದರೆ ಗಾಳಿಯಲ್ಲಿ ತೇವ ಇರಲೇಬೇಕು. ಮೊದಲು ಆ ದಡದಲ್ಲಿ ಒಣ ಅಕೇಶಿಯ ಎಲೆ ಬಿಟ್ಟರೆ ಏನೂ ಇರಲಿಲ್ಲ. ಕೆಳಗೆ ಹಸಿರು ಎದ್ದು ತೇವ ನಿಂತಿದ್ದಕ್ಕೇ ಬಂದಿವೆ ಎಂದು ನನ್ನ ಊಹೆ. ಗುಂಪಿನಲ್ಲಿ ಒಬ್ಬರು, ಮಳೆ ಚೆನ್ನಾಗಿ ಆಗಿದ್ದಕ್ಕೆ ಅನ್ನುತ್ತಾರೆ. ಮುಂದಿನ ಮಳೆಗೆ ಎರಡೂ ದಡದಲ್ಲಿ ಒಂದೇ ಹೊತ್ತಿಗೆ ಕೂತು ಸದ್ದು ದಾಖಲಿಸಿ ಹೋಲಿಸೋಣ ಎಂದಾಗಿದೆ.

ಸದ್ಯಕ್ಕೆ ತುರ್ತಿರುವುದು ಬೆಂಕಿರೇಖೆ, ಅಂದರೆ ಬೆಂಕಿ ಹರಡದಂತೆ ಹುಲ್ಲು ಸವರಿದ ಪಟ್ಟಿ. ಫೆಬ್ರವರಿಗೆ ಹುಲ್ಲು ಪೂರ್ತಿ ಒಣಗುತ್ತದೆ, ಅಷ್ಟರೊಳಗೆ ರಸ್ತೆ ಬದಿಯ ಪಟ್ಟಿ ಸವರಿ ಮುಗಿಸಬೇಕು. ಜನವರಿಯಲ್ಲಿ ಕೈ ಜೋಡಿಸುವವರು ಸ್ವಂತ ಕತ್ತಿ ತಂದರೆ ಒಳ್ಳೆಯದು, ನಮ್ಮಲ್ಲಿ ಇರುವುದು ಸಾಲುವುದಿಲ್ಲ.