ಹಿತ್ತಲಿಗೆ ಬಂದ ಬಾತುಕೋಳಿ: ಇಲ್ಲಿಯವರೆಗೆ ಆಗಿದ್ದು

ಬಂದ ದಿನ

ಬಿಳಿ ಬಾತುಕೋಳಿ, ಒಂಟಿ. ಗೇಟಿನ ಕೆಳಗೆ ನುಸುಳಿ ಬಂದಿರಬೇಕು, ಹಾರಿ ಬಂದಿದ್ದಂತೂ ಅಲ್ಲ. ಮೈ ದಪ್ಪ, ಕೊಕ್ಕು ಕಿತ್ತಳೆ, ಪೂರ್ತಿ ಬಿಳಿ, ನೋಡಿದರೆ ಪೆಕಿನ್ ತಳಿ. ಈ ತಳಿ ಮೂರು ಕಿಲೋ ದಾಟುತ್ತದೆ, ಆ ಭಾರ ಎತ್ತುವ ಶಕ್ತಿ ರೆಕ್ಕೆಗಿಲ್ಲ. ಕಾಲಿಗೆ ಯಾರೋ ಉಂಗುರ ಹಾಕಿದ್ದಾರೆ. ಅಂದರೆ ಸಾಕಿದ್ದು.

ಕಾಡಿನದೋ ಸಾಕಿದ್ದೋ ಅನ್ನೋದು ಮೊದಲು ಗೊತ್ತಾಗಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಾಡುಬಾತು ಆಗಿದ್ದರೆ ಸುಮ್ನೆ ಬಿಟ್ಟುಬಿಡುವುದೇ ಸರಿ. ಅದು ಹಾರದೆ ಕೂತಿದ್ದರೂ ಗಾಬರಿ ಬೇಡ, ವರ್ಷಕ್ಕೊಮ್ಮೆ ರೆಕ್ಕೆಯ ಗರಿಗಳೆಲ್ಲ ಒಟ್ಟಿಗೆ ಉದುರಿ ಕೆಲವು ವಾರ ಹಾರಲಾಗದೆ ಇರುತ್ತವೆ. ಗಾಯ ಕಂಡರೆ ಮಾತ್ರ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ.

ಸಾಕಿದ್ದಾದರೆ ಎಲ್ಲರೂ ಹೇಳುವ ಮಾತು ಒಂದೇ, "ಕೆರೆಗೆ ಬಿಟ್ಟುಬಿಡಿ". ನನಗೂ ಇವತ್ತು ಸಂಜೆಯೊಳಗೆ ಅಕ್ಕಪಕ್ಕದವರೆಲ್ಲ ಅದನ್ನೇ ಹೇಳಿದರು. ಬೇಡ. ಹಾರಲು ಬಾರದ, ದೂರದಿಂದಲೇ ಎದ್ದು ಕಾಣುವ ಬಿಳಿ ಹಕ್ಕಿ, ಅದಕ್ಕೆ ತಾನೇ ಮೇವು ಹುಡುಕಿಕೊಂಡು ಬದುಕಿದ ಅಭ್ಯಾಸವೂ ಇಲ್ಲ. ಕೆರೆಯಲ್ಲಿ ನೀರಿದೆ ನಿಜ, ನಾಯಿಗಳೂ ಇವೆ.

ಕತ್ತಲಾಗುವ ಮೊದಲು ಶೆಡ್ಡಿಗೆ ಸೇರಿಸಬೇಕಿತ್ತು. ಕೋಳಿಯಾದರೆ ಹೊತ್ತು ಮುಳುಗುತ್ತಲೇ ತಾನೇ ಗೂಡಿಗೆ ಹೋಗುತ್ತದೆ, ಬಾತಿಗೆ ಆ ಪರಿಪಾಠ ಇಲ್ಲ. ಹಿಡಿಯಲು ಓಡಿದರೆ ಅದು ಇನ್ನೂ ಜೋರಾಗಿ ಓಡುತ್ತದೆ, ಹಾಗಾಗಿ ಹಿಡಿಯುವ ಬದಲು ಅಟ್ಟಿಕೊಂಡು ಹೋದೆ: ಎರಡೂ ಕೈಗೆ ಒಂದೊಂದು ಉದ್ದ ಕೋಲು, ತೋಳು ಅಗಲ ಮಾಡಿ, ಹಿಂದಿನಿಂದ ನಿಧಾನಕ್ಕೆ ಹೆಜ್ಜೆ. ಎಡಗೋಲು ಸ್ವಲ್ಪ ಮುಂದೆ ಚಾಚಿದರೆ ಬಲಕ್ಕೆ ತಿರುಗುತ್ತದೆ, ಬಲಗೋಲು ಚಾಚಿದರೆ ಎಡಕ್ಕೆ. ಗೋಡೆಯ ಪಕ್ಕದಲ್ಲೇ ನಡೆದು ಶೆಡ್ಡಿನೊಳಗೆ ಹೋಗಿ ನಿಂತಿತು, ಏನೋ ತಾನೇ ಯೋಚಿಸಿ ಬಂದವರ ಹಾಗೆ.

ಮರುದಿನ

ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆ ಮೊಟ್ಟೆ! ಹೆಣ್ಣು ಅನ್ನೋದು ಕೂಗು ಕೇಳಿಯೇ ಅಂದಾಜಾಗಿತ್ತು. ಗಟ್ಟಿಯಾಗಿ ಕ್ವಾಕ್ ಕ್ವಾಕ್ ಅನ್ನುವುದು ಹೆಣ್ಣೇ, ಗಂಡಿನ ದನಿ ಗೊಗ್ಗರು. ಬೆಳೆದ ಗಂಡಿಗೆ ಬಾಲದ ಮೇಲೆ ಸುರುಳಿಯಾದ ಗರಿಯೂ ಇರುತ್ತದೆ, ಇದಕ್ಕಿಲ್ಲ.

ಮೇವಿನ ವಿಷಯ. ಬ್ರೆಡ್ ಹಾಕಲಿಲ್ಲ, ಹೊಟ್ಟೆ ತುಂಬುತ್ತದೆ ಅಷ್ಟೇ, ಸತ್ವ ಇಲ್ಲ. ಬಟಾಣಿ, ಸಣ್ಣಗೆ ಹೆಚ್ಚಿದ ಸೊಪ್ಪು, ಓಟ್ಸ್, ಜೊತೆಗೆ ಬಾತುಗಳ ಮೇವಿನ ಉಂಡೆ. ಕೋಳಿ ಮೇವು ಕೆಲವು ದಿನಕ್ಕೆ ನಡೆಯುತ್ತದೆ, ಆದರೆ ಬಾತಿಗೆ ಕೋಳಿಗಿಂತ ನಯಾಸಿನ್ (ಒಂದು ಬಿ ವಿಟಮಿನ್) ಜಾಸ್ತಿ ಬೇಕು, ಸಾಲದಿದ್ದರೆ ಕಾಲು ಸೋಲುತ್ತವೆ, ಮರಿಗಳಿಗಂತೂ ಬೇಗ. ಮೇವಿನ ಪಕ್ಕದಲ್ಲೇ ನೀರು ಇರಲೇಬೇಕು, ಒಣ ಮೇವು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈಜುಕೊಳ ಬೇಕಿಲ್ಲ. ತಲೆ ಪೂರ್ತಿ ಮುಳುಗುವಷ್ಟು ಆಳದ ಟಬ್ ಸಾಕು, ಕಣ್ಣು ಮತ್ತು ಮೂಗಿನ ಹೊಳ್ಳೆ ತೊಳೆದುಕೊಳ್ಳಲು ಅಷ್ಟು ಬೇಕೇ ಬೇಕು. ಟಬ್ ಇಟ್ಟ ತಕ್ಷಣ ತಲೆ ಅದ್ದಿ, ನೀರನ್ನು ಬೆನ್ನ ಮೇಲೆ ಚೆಲ್ಲಿಕೊಂಡು, ಕತ್ತು ತಿರುಗಿಸಿ ಬಾಲದ ಬುಡಕ್ಕೆ ಕೊಕ್ಕು ಉಜ್ಜಿ, ಅಲ್ಲಿನ ಎಣ್ಣೆಯನ್ನು ಒಂದೊಂದೇ ಗರಿಗೆ ಸವರಿತು. ಎಷ್ಟು ಹೊತ್ತು ನೋಡುತ್ತಾ ನಿಂತೆನೋ. ಅಷ್ಟರಲ್ಲಿ ಟಬ್ಬಿನ ನೀರು ಕೆಸರು. ಇದು ದಿನಕ್ಕೆ ಹತ್ತಾರು ಸಲದ ಕಥೆ, ಆ ನೀರನ್ನು ಗಿಡಗಳಿಗೆ ಸುರಿಯುತ್ತಿದ್ದೇನೆ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಶೆಡ್ಡಿನ ಚಪ್ಪಲಿ ಬೇರೆ. ಹಕ್ಕಿಜ್ವರದ ಸುದ್ದಿ ಇರುವ ಕಡೆಯಾದರೆ, ಮಂಕಾಗಿ ಕೂತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ.

ಮಾಲೀಕರ ಹುಡುಕಾಟ

ಫೋಟೊ ಹಾಕಿ ಸುತ್ತಮುತ್ತ ಚೀಟಿ ಅಂಟಿಸಿದೆ. ಕಾಲಿನ ಉಂಗುರ ಮಾತ್ರ ಫೋಟೊದಲ್ಲಿ ಕಾಣದ ಹಾಗೆ ನೋಡಿಕೊಂಡೆ. ನಮ್ಮದೇ ಅಂತ ಫೋನ್ ಮಾಡಿದವರನ್ನು ಗುರುತು ಕೇಳಿದರೆ, ಒಬ್ಬರು "ಬಿಳಿ ಇದೆ" ಅಂದರು. ಬಿಳಿ ಇರೋದು ಫೋಟೊ ನೋಡಿದ ಊರಿಗೆಲ್ಲ ಗೊತ್ತು ಸ್ವಾಮಿ. ಇನ್ನೊಬ್ಬರು, ನಾನು ಉಂಗುರ ಅಂದಿದ್ದೇ ಫೋನ್ ಇಟ್ಟುಬಿಟ್ಟರು.

ಶೆಡ್ಡಿನ ಕಿಟಕಿಗೆ ತೆಳು ಕೋಳಿಜಾಲರಿ ಇತ್ತು, ಅದನ್ನು ಕಿತ್ತು ಬೆಸುಗೆ ಹಾಕಿದ ಸಣ್ಣ ಕಣ್ಣಿನ ಜಾಲರಿ ಬಡಿದೆ. ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ಅಲ್ಲ.

ಈಗ

ನಿಜವಾದ ಮಾಲೀಕರು ಸಿಗಲಿಲ್ಲ. ಇಟ್ಟುಕೊಳ್ಳಬಾರದಾ ಅಂತ ಮನೆಯಲ್ಲಿ ಮಕ್ಕಳ ಒತ್ತಾಯ. ಬಾತು ಗುಂಪಿನಲ್ಲಿ ಬದುಕುವ ಹಕ್ಕಿ, ಒಂಟಿಯಾಗಿ ಇಡುವುದು ನ್ಯಾಯ ಅಲ್ಲ. ಎರಡು ಸಾಕೋಣ ಅಂದರೆ ಈ ಜಾಗಕ್ಕೆ, ಈ ಸದ್ದಿಗೆ, ಪಕ್ಕದ ಮನೆಯವರ ತಾಳ್ಮೆಗೆ ಅದು ಜಾಸ್ತಿಯೇ. ಸಾಕಲು ಅನುಮತಿ ಇದೆಯಾ ಅಂತ ಬೇರೆ ನೋಡಬೇಕು.

ಹೊರವಲಯದಲ್ಲಿ ಬಾತುಗಳನ್ನು ಸಾಕಿರುವ ಒಂದು ಮನೆಯವರು ಒಪ್ಪಿದ್ದಾರೆ. ಮೊದಲ ಕೆಲವು ವಾರ ಬೇರೆಯಾಗಿಟ್ಟು, ರೋಗ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಗುಂಪಿಗೆ ಬಿಡುತ್ತೇವೆ ಅಂದರು. ನಾನು ಕೇಳುವ ಮೊದಲೇ ಹೇಳಿದ್ದಕ್ಕೆ ನಂಬಿಕೆ ಬಂತು. ಭಾನುವಾರ ಬಿಸಿಲೇರುವ ಮೊದಲು ಹೊರಡುವುದು. ದೊಡ್ಡ ರಟ್ಟಿನ ಪೆಟ್ಟಿಗೆಗೆ ಗಾಳಿತೂತು ಕೊರೆದು ಅಡಿಗೆ ಹಳೇ ಟವೆಲ್ ಹಾಸಿದ್ದೇನೆ. ಎತ್ತುವಾಗ ಕಾಲು ಹಿಡಿಯಬಾರದು, ಬೇಗ ಪೆಟ್ಟಾಗುತ್ತದೆ. ರೆಕ್ಕೆ ಮೈಗೆ ಒತ್ತಿ ಹಿಡಿದು ಕಂಕುಳಲ್ಲಿ ಇಟ್ಟುಕೊಳ್ಳಬೇಕು, ಬಾಲದ ಕಡೆ ಯಾರೂ ನಿಲ್ಲದಿದ್ದರೆ ಒಳ್ಳೆಯದು.