ಸೆಲ್ಫ್ ಬದಲಿಸುವ ಮೊದಲು ಮೀಟರ್: ಕೋಡಿಬಾಗದ ಬಾಕ್ಸ್‌ಸ್ಟರ್ ಕೆಲಸ

ನನ್ನ ದುಡಿಮೆಯಲ್ಲಿ ಹೆಚ್ಚಿನ ಪಾಲು ಬೋಟುಗಳದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಕಾರವಾರದ ಬೈತಖೋಲ್ ಬಂದರಿನಲ್ಲಿ ಕಟ್ಟಿಹಾಕಿದ ಟ್ರಾಲರ್‌ಗಳು ಆಗಸ್ಟ್‌ನಲ್ಲಿ ಸ್ಟಾರ್ಟ್ ಆಗುವುದಕ್ಕೆ ಹಟ ಹಿಡಿಯುತ್ತವೆ. ‘ಸೆಲ್ಫ್ ಹೋಗಿದೆ, ಬೇರೆ ತಗೊಂಡೇ ಬಾ’ ಎಂದು ಬೋಟು ನಡೆಸುವ ತಾಂಡೇಲರ ಫೋನು ಬರುತ್ತದೆ. ಸೆಲ್ಫ್ ಅಂದರೆ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು. ಹೋಗಿ ನೋಡಿದರೆ ಎಷ್ಟೋ ಸಲ ಸೆಲ್ಫ್ ಗಟ್ಟಿಯಾಗಿಯೇ ಇರುತ್ತದೆ, ಕೇಬಲ್ಲಿನ ತುದಿಯಲ್ಲಿ ಹಸಿರು ಹಿಟ್ಟು ಕಟ್ಟಿರುತ್ತದೆ. ಉಪ್ಪು ಗಾಳಿ ತಾಮ್ರವನ್ನು ತಿನ್ನುವುದು ಹಾಗೆ. ಹಾಗಾಗಿ ಕೋಡಿಬಾಗದ ಮನೆಯೊಂದರಿಂದ ‘ಕಾರಿನ ಸೆಲ್ಫ್ ಬದಲಿಸಬೇಕು’ ಎಂಬ ಕರೆ ಬಂದಾಗ ಪಾನಾ ಪೆಟ್ಟಿಗೆಗಿಂತ ಮೊದಲು ವೋಲ್ಟ್ ಅಳೆಯುವ ಮೀಟರ್ ತೆಗೆದಿಟ್ಟುಕೊಂಡೆ.

ಗಾಡಿ ಪೋರ್ಷೆ ಬಾಕ್ಸ್‌ಸ್ಟರ್, 987 ಸರಣಿಯದು. ಎರಡೇ ಸೀಟು, ಇಂಜಿನ್ನು ಸೀಟಿನ ಬೆನ್ನಿಗೆ, ಬ್ಯಾಟರಿ ಮಾತ್ರ ಮುಂದಿನ ಡಿಕ್ಕಿಯಲ್ಲಿ. ಮಾಲೀಕರು ಹಡಗಿನಲ್ಲಿ ದುಡಿದು ನಿವೃತ್ತರಾದವರು, ಊರಿಗೆಲ್ಲ ಕ್ಯಾಪ್ಟನ್ ಸಾಹೇಬರು. ಅವರ ದೂರು ಸ್ಪಷ್ಟವಾಗಿತ್ತು: ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಆಗುತ್ತದೆ. ಓಡಿಸಿ ಬಂದು ಹತ್ತು ನಿಮಿಷ ನಿಲ್ಲಿಸಿದರೆ ಎಳೆದೆಳೆದು ತಿರುಗುತ್ತದೆ, ಮತ್ತೆರಡು ಸಲ ಚಾವಿ ತಿರುವಿದರೆ ಬರೀ ಟಕ್. ಯಾರೋ ಆಗಲೇ ಹೊಸ ಬ್ಯಾಟರಿ ಮಾರಿ ಹೋಗಿದ್ದರು. ಬೆಂಗಳೂರಿಗೆ ಸಾಗಿಸೋಣವೆಂದರೆ ಐನೂರು ಕಿಲೋಮೀಟರಿಗೂ ಮೇಲೆ, ನಡುವೆ ಅರಬೈಲು ಘಾಟು. ‘ಕಾಳಿ ಸೇತುವೆ ಮೇಲೆ ಒಂದಿನ ನಿಂತುಬಿಟ್ರೆ ನನ್ನ ಗತಿಯೇನೋ ಮಾರಾಯಾ?’ ಎಂದರು ಸಾಹೇಬರು. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಮೇಲೆ ಹೋಗುವವರೂ ಬರುವವರೂ ಉಳಿದೊಂದು ಸೇತುವೆಯನ್ನೇ ನೆಚ್ಚಿಕೊಂಡವರು, ಆದ್ದರಿಂದ ಅದು ಸುಮ್ಮನೆ ಆಡಿದ ಮಾತಾಗಿರಲಿಲ್ಲ.

ನಾನು ಹೋದ ದಿನ ಚಾವಿ ತಿರುವಿ ತಿರುವಿ ಬ್ಯಾಟರಿ ಪೂರ್ತಿ ಮಲಗಿತ್ತು. ಈ ಗಾಡಿಯ ಮೊದಲ ಪೀಕಲಾಟ ಇಲ್ಲಿಯೇ. ಮುಂದಿನ ಡಿಕ್ಕಿಯ ಬೀಗ ವಿದ್ಯುತ್ತಿನದು. ಬ್ಯಾಟರಿ ಇರುವುದು ಡಿಕ್ಕಿಯ ಒಳಗೆ, ಡಿಕ್ಕಿ ತೆರೆಯಲು ಬೇಕಾದದ್ದು ಬ್ಯಾಟರಿ! ಇದಕ್ಕೆ ದಾರಿ ಫ್ಯೂಸ್ ಬಾಕ್ಸಿನಲ್ಲಿದೆ. ಹೊರಗೆ ಎಳೆಯುವಂಥ ಒಂದು ಪ್ಲಸ್ ಟರ್ಮಿನಲ್ ಅಲ್ಲಿರುತ್ತದೆ. ಅದಕ್ಕೆ ಬೇರೊಂದು ಬ್ಯಾಟರಿಯ ಪ್ಲಸ್, ಬಾಗಿಲಿನ ಬೀಗ ಸಿಕ್ಕಿಕೊಳ್ಳುವ ಕಬ್ಬಿಣಕ್ಕೆ ಮೈನಸ್ ಕೊಟ್ಟು ರಿಮೋಟ್ ಒತ್ತಿದರೆ ಡಿಕ್ಕಿ ತೆರೆಯುತ್ತದೆ. ಗಾಡಿ ಲಾಕ್ ಆಗಿದ್ದರೆ ಮೈನಸ್ ತಾಗಿಸಿದ ಕೂಡಲೇ ಅಲಾರಾಂ ಕೂಗುತ್ತದೆ. ಕೂಗಿತು ಕೂಡ. ಪಕ್ಕದ ಮನೆಯ ನಾಯಿಗಳೆಲ್ಲ ಸೇರಿಕೊಂಡವು.

ಬ್ಯಾಟರಿ ಚಾರ್ಜ್ ಮಾಡಿ, ಗಾಡಿಯನ್ನು ಸದಾಶಿವಗಡದ ತನಕ ಓಡಿಸಿ ಬಿಸಿ ಮಾಡಿಕೊಂಡು ಬಂದ ಮೇಲೆಯೇ ಅಳತೆಗೆ ಕೂತದ್ದು. ಬಿಸಿಯಲ್ಲಿ ಬರುವ ಕಾಯಿಲೆಯನ್ನು ತಣ್ಣಗಿರುವಾಗ ನೋಡಿ ಉಪಯೋಗವಿಲ್ಲ. ಈ ಕಾರಿನಲ್ಲಿ ಸೆಲ್ಫ್ ಇರುವುದು ಇಂಜಿನ್ನಿನ ಮೇಲ್ಭಾಗದಲ್ಲಿ, ಗಾಳಿ ಎಳೆಯುವ ಕೊಳವೆಗಳ ಅಡಿ. ಬಿಚ್ಚದೆ ಅದರ ಟರ್ಮಿನಲ್ ಮುಟ್ಟಲಾಗದು. ಆದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ದಪ್ಪ ಕೇಬಲ್ಲು ಬಂದು ಸೇರುವುದು ಸೆಲ್ಫಿನ ಕಡೆಗೇ. ಸೆಲ್ಫ್ ಹೊಡೆಯುವಾಗ ಡೈನಮೋ ಕರೆಂಟು ಕೊಡುತ್ತಿರುವುದಿಲ್ಲ. ಹಾಗಾಗಿ ಡೈನಮೋದ ಪ್ಲಸ್‌ನಲ್ಲಿ ಸಿಗುವ ವೋಲ್ಟೇಜು ಸೆಲ್ಫಿಗೆ ಸಿಗುತ್ತಿರುವುದಕ್ಕೆ ಸಾಕಷ್ಟು ಹತ್ತಿರ. ಡೈನಮೋ ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಕೈಗೆ ಸಿಗುತ್ತದೆ.

ಸಾಹೇಬರು ಕ್ಲಚ್ ತುಳಿದು ಚಾವಿ ತಿರುವಿದರು. ಬ್ಯಾಟರಿಯ ತಲೆಯ ಮೇಲೆ 10.6 ವೋಲ್ಟ್. ಸೆಲ್ಫ್ ಎಳೆಯುವಾಗ 9.6ಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಟರಿಯನ್ನು ದೂರುವಂತಿಲ್ಲ. ಡೈನಮೋದ ಬಳಿ 9.1. ಇಂಜಿನ್ನಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.15, ಅಂದರೆ ಅರ್ಥಿಂಗ್ ಸರಿಯಿದೆ. ಪ್ಲಸ್ ಕೇಬಲ್ಲಿನಲ್ಲಿ ಅರ್ಧ ವೋಲ್ಟಿನವರೆಗೆ ಹೋದರೆ ನಡೆಯುತ್ತದೆ, ಇಲ್ಲಿ ದಾರಿಯಲ್ಲೇ ಒಂದೂವರೆ ವೋಲ್ಟು ಮಾಯ.

ಒಂದೂವರೆ ವೋಲ್ಟು ಏನು ಮಹಾ ಎನ್ನಬೇಡಿ. ಸೆಲ್ಫ್ 200 ಆಂಪಿಯರ್ ಎಳೆಯಿತೆಂದರೆ ಆ ಕೆಟ್ಟ ಜಾಗದಲ್ಲಿ 300 ವ್ಯಾಟ್ ಬರೀ ಶಾಖವಾಗಿ ಹೋಯಿತು. ರೆಸಿಸ್ಟೆನ್ಸ್ ಲೆಕ್ಕ ಹಾಕಿದರೆ 0.0075 ಓಮ್. ಸಾಮಾನ್ಯ ಮೀಟರಿನ ವಾಯರುಗಳದ್ದೇ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಅದಕ್ಕೇ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿದು ‘ಬೀಪ್ ಬಂತು, ಕೇಬಲ್ ಸರಿಯಿದೆ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಬೀಪ್ ಬರುತ್ತದೆ. ಹೊರೆ ಹೊರಿಸಿ ಅಳೆಯಬೇಕು. ಬಿಸಿಗೂ ಇದಕ್ಕೂ ನಂಟಿದೆ: ತಾಮ್ರ 60 ಡಿಗ್ರಿ ಹೆಚ್ಚು ಕಾದರೆ ಅದರ ರೆಸಿಸ್ಟೆನ್ಸ್ ಕಾಲು ಭಾಗದಷ್ಟು ಏರುತ್ತದೆ, ಸೆಲ್ಫಿನೊಳಗಿನ ಸುರುಳಿಗೂ ಇದೇ ಪಾಡು.

‘ಹಾಗಾದ್ರೆ ಕೇಬಲ್ ಸಾಕಲ್ವೋ, ಸೆಲ್ಫ್ ಯಾಕೆ?’ ಸಾಹೇಬರ ಪ್ರಶ್ನೆ ನ್ಯಾಯವೇ. ಬೋಟಿನಲ್ಲಾಗಿದ್ದರೆ ನಾನೂ ಕೇಬಲ್ ಮಾತ್ರ ಬದಲಿಸಿ ನೋಡೋಣ ಎನ್ನುತ್ತಿದ್ದೆ, ಅಲ್ಲಿ ಸೆಲ್ಫ್ ಕಣ್ಣೆದುರೇ ಇರುತ್ತದೆ. ಇಲ್ಲಿ ಎರಡಕ್ಕೂ ಬಿಚ್ಚಬೇಕಾದದ್ದು ಒಂದೇ ಸಾಮಾನು. ಹದಿನೈದು ವರ್ಷ ದಾಟಿದ ಸೆಲ್ಫು, ಕಡಿಮೆ ವೋಲ್ಟಿನಲ್ಲಿ ಹೆಣಗಿ, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳನ್ನು ಸವೆಸಿಕೊಂಡಿರುವ ಸಂಭವವೇ ಹೆಚ್ಚು. ‘ಎರಡೂ ತರಿಸಿ ಸರ್, ಇಲ್ಲಾಂದ್ರೆ ಬರೋ ಮಳೆಗಾಲಕ್ಕೆ ಇದೇ ಕೆಲಸಕ್ಕೆ ಮತ್ತೆ ನನಗೆ ದುಡ್ಡು ಕೊಡ್ತೀರಿ’ ಎಂದೆ. ಒಪ್ಪಿದರು.

ಬಿಚ್ಚುವುದು ತಾಳ್ಮೆಯ ಕೆಲಸವೇ ಹೊರತು ಜಾಣತನದ್ದಲ್ಲ. ಮೊದಲು ಎರಡೂ ಕಿಟಕಿ ಗಾಜು ಇಳಿಸಿಬಿಡಿ. ಈ ಗಾಡಿಯ ಬಾಗಿಲಿಗೆ ಗಾಜಿನ ಚೌಕಟ್ಟಿಲ್ಲ. ಬಾಗಿಲು ತೆಗೆದಾಗ ಗಾಜು ತಾನೇ ತುಸು ಇಳಿಯುತ್ತದೆ, ಬ್ಯಾಟರಿ ಕಳಚಿದ ಮೇಲೆ ಇಳಿಯುವುದಿಲ್ಲ, ರಬ್ಬರಿಗೆ ಒರೆಸಿಕೊಳ್ಳುತ್ತದೆ. ಬ್ಯಾಟರಿಯ ಮೈನಸ್ ಕಳಚಿದ ಮೇಲೆ ಮುಂದಿನ ಡಿಕ್ಕಿಯನ್ನು ಅಪ್ಪಿತಪ್ಪಿಯೂ ಮುಚ್ಚಬಾರದು. ನಾನು ಬೀಗದ ಬಾಯಿಗೆ ಚಿಂದಿ ತುರುಕಿ, ಜೊತೆಗಿದ್ದ ಹುಡುಗನಿಗೆ ‘ತಮ್ಮಾ, ಇದನ್ನ ಮುಟ್ಬೇಡ’ ಎಂದು ಹೇಳಿಯೇ ಹಿಂದಕ್ಕೆ ಹೋದದ್ದು.

ಮೇಲ್ಛಾವಣಿಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಕಾರ್ಪೆಟ್ಟು, ಇಂಜಿನ್ ಮುಚ್ಚಳ, ಥ್ರಾಟಲ್ ಬಾಡಿ, ಎರಡು ಕಡೆಯ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ ತೆಗೆದರೆ ಅಡಿಯಲ್ಲಿ ಸೆಲ್ಫ್ ಕಾಣುತ್ತದೆ. ತೆರೆದುಕೊಂಡ ಗಾಳಿ ಬಾಯಿಗಳಿಗೆ ತಕ್ಷಣ ಬಟ್ಟೆ ಮುಚ್ಚಬೇಕು. ಒಂದು ಸಣ್ಣ ನಟ್ಟು ಇಂಜಿನ್ನಿನೊಳಗೆ ಬಿದ್ದರೆ ಆಗುವ ಖರ್ಚಿನ ಮುಂದೆ ಸೆಲ್ಫಿನ ಖರ್ಚು ಏನೂ ಅಲ್ಲ. ಬಣ್ಣದ ಬಟ್ಟೆಯನ್ನೇ ಬಳಸುತ್ತೇನೆ, ತೆಗೆಯಲು ಮರೆಯದಿರಲಿ ಅಂತ. ಸೆಲ್ಫ್ ಹಿಡಿದಿರುವ ಬೋಲ್ಟುಗಳಲ್ಲಿ ಒಂದನ್ನು ಕಣ್ಣಿಗಿಂತ ಬೆರಳಿನಿಂದಲೇ ಹುಡುಕಬೇಕು.

ಕೇಬಲ್ಲು ನೋಡಲು ಗಾಡಿ ಎತ್ತಬೇಕಾಯಿತು. ಅಂಗಳ ಕೆಂಪು ಮಣ್ಣಿನದು, ಜಾಕಿಯ ಅಡಿಗೆ ದಪ್ಪ ಹಲಗೆ ಹಾಕಿದೆ. ಇಲ್ಲೊಂದು ಮಾತು. ನಮ್ಮ ಕಡೆ ಗಾಡಿಗೆ ಒತ್ತುಕೊಡಲು ಚಿರೆಕಲ್ಲು ಜೋಡಿಸುವ ರೂಢಿ ಇದೆ. ಗೋಡೆಗೆ ಒಳ್ಳೆಯ ಕಲ್ಲು ಹೌದು, ಆದರೆ ಒಂದೇ ಮೂಲೆಗೆ ಭಾರ ಬಿದ್ದರೆ, ಅದೂ ಮಳೆಗೆ ನೆನೆದಿದ್ದರೆ, ಸದ್ದಿಲ್ಲದೆ ಸೀಳುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ನಾನು ಗಾಡಿಯ ಅಡಿಗೆ ಹೋಗುವುದಿಲ್ಲ, ಯಾರ ಮನೆಯಾದರೂ ಸರಿ.

ಹಳೆಯ ಕೇಬಲ್ಲಿನ ತುದಿಯ ಲೋಹದ ಲಗ್ ಹೊರಗಿಂದ ಲಕಲಕ. ಕೊಯ್ದಾಗ ಒಳಗೆ ತಾಮ್ರ ಕಪ್ಪು ಹಸಿರು ಪುಡಿ. ಹೊಸದಕ್ಕೆ ಬೋಟಿಗೆ ಹಾಕುವ ತವರ ಲೇಪಿಸಿದ ತಾಮ್ರದ ಕೇಬಲ್ಲನ್ನೇ ಬಳಸಿದೆ, 50 ಚದರ ಮಿಲಿಮೀಟರಿನದು. ಲಗ್ಗನ್ನು ಹೈಡ್ರಾಲಿಕ್ ಒತ್ತಿನಿಂದ ಬಿಗಿದು, ಒಳಮೈಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗುವ ಕೊಳವೆ ಹಾಕಿ, ಇಂಜಿನ್ನಿನ ಶಾಖ ತಾಗುವ ಉದ್ದಕ್ಕೂ ಹೊದಿಕೆ ತೊಡಿಸಿದೆ. ಸೆಲ್ಫ್ ಕೂರುವ ಲೋಹದ ಮುಖ ಉಜ್ಜಿ ಶುಚಿ ಮಾಡಿದೆ, ಏಕೆಂದರೆ ಅದರ ಮೈನಸ್ ಅದೇ.

ಜೋಡಿಸಿ ಬಿಸಿ ಮಾಡಿ ಅಳೆದಾಗ ದಾರಿಯ ನಷ್ಟ 0.3 ವೋಲ್ಟ್. ಬ್ಯಾಟರಿ ಕಳಚಿದ್ದರಿಂದ ಕಿಟಕಿಗಳಿಗೆ ತಮ್ಮ ಮೇಲಿನ ಗಡಿ ಮತ್ತೆ ಕಲಿಸಬೇಕಾಗುತ್ತದೆ, ಅದನ್ನೂ ಮುಗಿಸಿದೆ.

ಬಿಲ್ಲಿನಲ್ಲಿ ‘ಪರೀಕ್ಷೆ’ ಅಂತ ಬೇರೆಯೇ ಸಾಲು ಬರೆಯುತ್ತೇನೆ. ಬಂದರಿನಲ್ಲಿ ಇದಕ್ಕೆ ಜಗಳವೇ ಆಗುತ್ತದೆ: ಮೀಟರ್ ಹಿಡಿದದ್ದಕ್ಕೆ ದುಡ್ಡಾ? ಸಾಮಾನಿಗೆ ಎಷ್ಟಾದರೂ ಕೊಡುವವರು ಅಳತೆಗೆ ಕೊಡುವುದಿಲ್ಲ, ಅದಕ್ಕೇ ಮೆಕ್ಯಾನಿಕ್ಕುಗಳು ಅಳೆಯದೆ ಬ್ಯಾಟರಿ ಮಾರುತ್ತಾರೆ. ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು, ‘ಬ್ಯಾಟರಿ ಹಾಕಿದವ ಇದನ್ನ ಮಾಡಿದ್ರೆ?’ ಎಂದು ಕೇಳಿದರು. ‘ಬ್ಯಾಟರಿ ಮಾರೋಕೆ ಆಗ್ತಿರ್ಲಿಲ್ಲ ಸರ್’ ಎಂದೆ.

ಹಳೆಯ ಸೆಲ್ಫನ್ನು ಅಂಗಡಿಯಲ್ಲಿ ಬಿಚ್ಚಿದೆ. ಒಳಗೆ ತಿರುಗುವ ಆರ್ಮೇಚರ್ ಚೆನ್ನಾಗಿದೆ, ಹಲ್ಲು ಚೆನ್ನಾಗಿದೆ, ಕಾರ್ಬನ್ ಮಾತ್ರ ಮೊಂಡು. ಇದಕ್ಕೆ ಹೊಂದುವ ಕಾರ್ಬನ್ ಸೆಟ್ ಹುಬ್ಬಳ್ಳಿಯಲ್ಲೋ ಮಡಗಾಂವಿಯಲ್ಲೋ ಸಿಗುವುದು ಗೊತ್ತಿದ್ದವರು ತಿಳಿಸಿ, ಕಟ್ಟಿ ಇಡುತ್ತೇನೆ.